ಒತ್ತಡ ಎಂದರೆ ಯಾವ ಒತ್ತಡ?

ಮಕ್ಕಳೇ, ದೊಡ್ಡವರು "ಕೆಲಸದ ಒತ್ತಡ" ಎನ್ನುವುದನ್ನು ಕೇಳಿದ್ದೀರಿ (ನಾನೂ ಹೇಳುತ್ತೇನೆ!). ಹಾಕಿ ಪಂದ್ಯದಲ್ಲಿ ಗೋಲು ಹಿಂದಿರುವ ತಂಡವೂ "ಒತ್ತಡದಲ್ಲಿದೆ". ಇವನ್ನು ಅಳೆಯುವ ಮಾಪಕವಿಲ್ಲ. ವಿಜ್ಞಾನದಲ್ಲಿ ಮಾತ್ರ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ಬೀಳುವ ಬಲವೇ ಒತ್ತಡ. ಅದರ ಮಾನ ಪಾಸ್ಕಲ್. ಹರಿತವಾದ ಕತ್ತಿ ಸೌದೆಯನ್ನು ಸುಲಭವಾಗಿ ಸೀಳುವುದು ಏಕೆಂದು ಈಗ ಯೋಚಿಸಿ.

ಗಾಳಿಗೂ ಒತ್ತಡವಿದೆ. 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಅದು ಕಡಿಮೆ. ಹಾಗಾಗಿ ನೀರು ಸುಮಾರು 96 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ.

2018ರ ಆಗಸ್ಟ್‌ನಲ್ಲಿ ಗಾಳಿಬೀಡಿನ ಸುತ್ತಮುತ್ತ ಗುಡ್ಡಗಳು ಕುಸಿದವು. ಹಲವರು "ಜಲಸ್ಫೋಟ" ಎಂದರು. ಆದರೆ ಬಾಂಬಿನಂತೆ ಏನೂ ಸಿಡಿಯಲಿಲ್ಲ. ಮಣ್ಣಿನ ಕಣಗಳು ಪರಸ್ಪರ ಒತ್ತಿಕೊಂಡಿರುವುದರಿಂದ ಘರ್ಷಣೆ ಉಂಟಾಗಿ ಇಳಿಜಾರು ನಿಲ್ಲುತ್ತದೆ. ಎಡೆಬಿಡದ ಮಳೆಗೆ ಕಣಗಳ ನಡುವಿನ ರಂಧ್ರಗಳಲ್ಲಿ ನೀರು ತುಂಬಿತು. ಹರಿದುಹೋಗಲು ದಾರಿ ಸಾಲದೆ ಆ ನೀರಿನ ಒತ್ತಡ ಹೆಚ್ಚಿತು, ಕಣಗಳ ಹಿಡಿತ ಸಡಿಲವಾಯಿತು. ಬುಡ ಕಡಿದ ಇಳಿಜಾರಿಗಂತೂ ಆಸರೆಯೂ ಕಡಿಮೆ.

ಮಳೆಗಾಲದಲ್ಲಿ ಮನೆ ಹಿಂದಿನ ಬರೆಯನ್ನು ದೂರದಿಂದಲೇ ಗಮನಿಸಿ. ಹೊಸ ಬಿರುಕು ಕಂಡರೆ, ಹಿಂದೆಂದೂ ಇಲ್ಲದ ಕಡೆ ಕೆಸರುನೀರು ಜಿನುಗಿದರೆ, ಮರ ವಾಲಿದರೆ ತಕ್ಷಣ ಹಿರಿಯರಿಗೆ ಹೇಳಿ. ಆ ರಾತ್ರಿ ಅಲ್ಲಿ ಮಲಗಬೇಡಿ.