ಬೇಡದ ಮೇಲ್ ಎಲ್ಲವೂ ಸ್ಪ್ಯಾಮ್ ಅಲ್ಲ

ಕಳೆದ ವರ್ಷ ಒಂದು ಟ್ರಸ್ಟಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಿದ್ದೆ. ಆಮೇಲೆ ದಿನವೂ ಅವರ ಕಾರ್ಯಕ್ರಮಗಳ ಮೇಲ್. ಬೇಸರವಾಗಿ 'ಸ್ಪ್ಯಾಮ್' ಒತ್ತಿಬಿಟ್ಟೆ. ಮುಂದೆ ಅದೇ ವಿಳಾಸದಿಂದ 'ಆದಾಯ ಪ್ರಮಾಣಪತ್ರ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ' ಎಂದು ಬಂದದ್ದೂ ಸ್ಪ್ಯಾಮ್ ಫೋಲ್ಡರಿಗೇ ಹೋಯಿತು. ಆಪಾ ಹುಡುಕಿ ತೋರಿಸಿದಾಗ ಎರಡೇ ದಿನ ಉಳಿದಿತ್ತು. ಹೇಗೋ ಸ್ಕ್ಯಾನ್ ಮಾಡಿಸಿ ಕಳಿಸಿದೆ.

ತಪ್ಪು ಫಿಲ್ಟರಿನದ್ದಲ್ಲ. ನಾವು ಕೇಳದೆಯೇ, ಸಿಕ್ಕಸಿಕ್ಕ ವಿಳಾಸಗಳಿಗೆಲ್ಲ ಒಟ್ಟಿಗೆ ಕಳಿಸುವುದು ಸ್ಪ್ಯಾಮ್. ನಾನಂತೂ ಫಾರ್ಮ್ ತುಂಬುವಾಗ 'ಮಾಹಿತಿ ಕಳಿಸಿ' ಎಂಬಲ್ಲಿ ಟಿಕ್ ಹಾಕಿದ್ದೆ! ಒಪ್ಪಿಕೊಂಡು ಆಮೇಲೆ ಬೇಡವಾದ ಮೇಲ್‌ಗೆ 'ಅನ್‌ಸಬ್‌ಸ್ಕ್ರೈಬ್' ಇದೆ. ಸ್ಪ್ಯಾಮ್ ಒತ್ತಿದರೆ ಆ ವಿಳಾಸದಿಂದ ಬರುವುದೆಲ್ಲ ಕಸ ಎಂದು ಫಿಲ್ಟರ್ ಕಲಿಯುತ್ತದೆ. ಜಾಹೀರಾತು ಯಾವುದು, ಕೆಲಸದ ಮೇಲ್ ಯಾವುದು ಎಂದು ಅದು ಪ್ರತಿಸಲ ಸರಿಯಾಗಿ ಬಿಡಿಸಿ ನೋಡುವುದಿಲ್ಲ.

ಲಾಟರಿ ಬಂದಿದೆ, ಓಟಿಪಿ ಕೊಡಿ ಎನ್ನುವವು ಬೇರೆಯೇ. ಅವುಗಳಲ್ಲಿ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನೂ ಮುಟ್ಟಬೇಡಿ. ಈ ವಿಳಾಸದಲ್ಲಿ ಮೇಲ್ ಓದುವವರಿದ್ದಾರೆ ಎಂದು ಕಳಿಸಿದವರಿಗೆ ತಿಳಿಯುತ್ತದೆ. ಅಲ್ಲಿ ಧೈರ್ಯವಾಗಿ ಸ್ಪ್ಯಾಮ್ ಒತ್ತಿ.

ಜಿಮೇಲ್‌ನಲ್ಲಿ ಸ್ಪ್ಯಾಮ್ ಫೋಲ್ಡರಿನ ಮೇಲ್ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಈ ವರ್ಷ ಅರ್ಜಿ ಹಾಕಿದವರು ವಾರಕ್ಕೊಮ್ಮೆಯಾದರೂ ಅಲ್ಲಿ ಇಣುಕಿ ನೋಡಿ. ಬೇಕಾದದ್ದು ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ.