ಭುಜ ಹಿಡಿದುಕೊಂಡಾಗ: ಫಿಸಿಯೋಥೆರಪಿಗೆ ಹೋಗುವ ಮುನ್ನ

ಶಿಲುಬೆಯ ಗುರುತು ಹಾಕಲು ಬಲಗೈ ಎತ್ತುವಾಗ ಎಡಗೈಯ ಆಸರೆ ಹುಡುಕುವವರನ್ನು ನಾವು ಇಗರ್ಜಿಯಲ್ಲಿ ಕಾಣುತ್ತಲೇ ಇರುತ್ತೇವೆ. ಅಡಿಕೆ ಮರ ಹತ್ತುವ ಬದಲು ನೆಲದಲ್ಲೇ ನಿಂತು ದೋಟಿಯಿಂದ ಮದ್ದು ಬಿಡುವ ಕ್ರಮ ಬಂದ ಮೇಲೆ ಬೀಳುವ ಭಯ ತಗ್ಗಿತು, ನಿಜ. ಆದರೆ ಆ ಭಾರವೆಲ್ಲ ಕುತ್ತಿಗೆಗೂ ಭುಜಕ್ಕೂ ಬಿತ್ತು. ಸಕ್ಕರೆ ಕಾಯಿಲೆ ಇರುವವರಿಗಂತೂ ಅಂಥ ಕೆಲಸ ಮಾಡದಿದ್ದರೂ ಭುಜದ ಕೀಲು ಬಿಗಿದುಕೊಳ್ಳುವುದುಂಟು. ಡಾಕ್ಟರರು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಫಿಸಿಯೋಥೆರಪಿಗೆ ಹೋಗಿ ಎಂದು ಅವರು ಬರೆದುಕೊಟ್ಟ ಚೀಟಿಯನ್ನು ನಮ್ಮಲ್ಲಿ ಹಲವರು ಬೈಬಲಿನೊಳಗೆ ಇಟ್ಟು ಮರೆಯುತ್ತಾರೆ. "ಕರೆಂಟು ಕೊಡುತ್ತಾರಂತೆ" ಎಂಬ ಹೆದರಿಕೆ ಬೇರೆ!

ಮೊದಲ ದಿನ ಅಲ್ಲಿ ಮಾತೇ ಹೆಚ್ಚು. ನೋವು ಯಾವಾಗ ಶುರುವಾಯಿತು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತದೆಯೇ, ತಲೆ ಬಾಚಲು ಕೈ ಏಳುತ್ತದೆಯೇ ಎಂದೆಲ್ಲ ಕೇಳುತ್ತಾರೆ. "ತೋಟದ ಕೆಲಸ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ದೋಟಿ ಎಷ್ಟು ಹೊತ್ತು ಹಿಡಿಯುತ್ತೀರಿ, ಸೊಪ್ಪಿನ ಹೊರೆ ಯಾವ ಹೆಗಲಿಗೆ, ಅಡಿಕೆ ಸುಲಿಯಲು ಹೇಗೆ ಕುಳಿತುಕೊಳ್ಳುತ್ತೀರಿ ಎಂದು ಬಿಡಿಸಿ ಹೇಳಿ. ಆಮೇಲೆ ಕೈಯನ್ನು ಎತ್ತಿಸಿ, ತಿರುಗಿಸಿ, ಎಷ್ಟು ಏಳುತ್ತದೆ ಎಂದು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಗುಣ ಕಂಡಿದೆಯೇ ಎಂದು ತಿಳಿಯುವುದು ಈ ಅಳತೆಯಿಂದಲೇ. ಭುಜ ಕಾಣುವಂಥ ಸಡಿಲ ಉಡುಪು ಹಾಕಿ ಹೋಗಿ. ಹೆಂಗಸರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು, ಪರದೆ ಬೇಕೆಂದು ಕೇಳಲು ಸಂಕೋಚ ಬೇಡ. ಎಕ್ಸ್‌ರೇ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ಇನ್ನು ಆ ಕರೆಂಟಿನ ವಿಷಯ. ಅದು ಚರ್ಮದ ಮೇಲೆ ಇರುವೆ ಹರಿದಂತೆ ಜುಮುಗುಡುವ ಸಣ್ಣ ವಿದ್ಯುತ್ತು, ಅಷ್ಟೇ. ಶಾಕ್ ಹೊಡೆಯುವಂಥದ್ದಲ್ಲ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾಗಿದ್ದರೆ ಅದನ್ನೂ ಹೇಳಬೇಕು. ಇಲ್ಲವಾದರೆ ಶಾಖ ಕೊಡುವಾಗ ಸುಟ್ಟದ್ದೇ ಗೊತ್ತಾಗಲಿಕ್ಕಿಲ್ಲ.

ಶಾಖವೂ ಕರೆಂಟೂ ನೋವನ್ನು ಸ್ವಲ್ಪ ತಗ್ಗಿಸಬಹುದು. ಬಿಗಿದ ಕೀಲನ್ನು ಸಡಿಲಿಸಲು ವ್ಯಾಯಾಮವೇ ಬೇಕು, ಅದನ್ನು ಮಾಡಬೇಕಾದವರು ನಾವೇ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವುದು, ರಾಟೆಯ ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈಯಿಂದ ಎಳೆದು ನೋಯುವ ಕೈಯನ್ನು ಮೇಲೇರಿಸುವುದು. ಬಾವಿಯ ರಾಟೆಯನ್ನು ಬಲ್ಲ ನಮಗೆ ಇದೇನು ಹೊಸ ವಿದ್ಯೆಯಲ್ಲ. ಆದರೆ ಯಾವುದನ್ನು, ದಿನಕ್ಕೆ ಎಷ್ಟು ಸಲ ಮಾಡಬೇಕೆಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಸರಿಹೊಂದಬೇಕೆಂದಿಲ್ಲ. ಮಾಡುವಾಗ ಸ್ವಲ್ಪ ಎಳೆತ, ನೋವು ಸಹಜ. ಆ ನೋವು ರಾತ್ರಿ ನಿದ್ದೆಗೆಡಿಸಿದರೆ, ಮರುದಿನವೂ ಇಳಿಯದಿದ್ದರೆ ಮುಂದಿನ ಸಲ ಹೇಳಿ.

ಮೂರು ದಿನ ಹೋಗಿ, ನೋವು ತುಸು ಕಡಿಮೆಯಾದೊಡನೆ ಕೊಯ್ಲಿನ ನೆವದಿಂದ ಬಿಟ್ಟುಬಿಡುವುದು ನಮ್ಮ ದೊಡ್ಡ ತಪ್ಪು. ಈ ಕಾಯಿಲೆ ಪೂರ್ತಿ ಬಿಡಲು 1ರಿಂದ 3 ವರ್ಷ ಹಿಡಿಯಬಹುದು. ಇಷ್ಟು ಕಾಲ ಕ್ಲಿನಿಕ್ಕಿಗೆ ಅಲೆಯಬೇಕೆಂದಲ್ಲ. ಕಲಿತದ್ದನ್ನು ಮನೆಯಲ್ಲಿ ಬಿಡದೆ ಮಾಡಬೇಕು. ಒಟ್ಟು ಎಷ್ಟು ಸಲ ಬರಬೇಕು, ಖರ್ಚೆಷ್ಟು ಎಂದು ಮೊದಲ ದಿನವೇ ಕೇಳಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ, ವಿಚಾರಿಸಿ.

ಒಂದು ಎಚ್ಚರಿಕೆ: ಭುಜದ ನೋವಿನ ಜೊತೆಗೆ ಎದೆ ಹಿಂಡಿದಂತಾಗಿ ಬೆವರು ಬಂದರೆ, ಇಲ್ಲವೇ ಕೈ ಇದ್ದಕ್ಕಿದ್ದಂತೆ ಸೋತು ಬಾಯಿ ಸೊಟ್ಟಗಾದರೆ ಅದು ವ್ಯಾಯಾಮದಿಂದ ಹೋಗುವ ನೋವಲ್ಲ. ಎಣ್ಣೆ ಹಚ್ಚುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.