ಲಕೋಟೆ ಎಸೆಯಬೇಡ, ಮಗು

ಬಂದ ಮೂರನೇ ದಿನಕ್ಕೇ ಪೆಟ್ಟಿಗೆ ಮಗುಚಿ, ಕಾಗದಗಳನ್ನು ಇಸವಿವಾರು ಜೋಡಿಸಿ, ಸ್ಕ್ಯಾನರಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತಿದ್ದೀಯ. ಚುರುಕು ಹುಡುಗಿ ನೀನು, ಒಪ್ಪಿದೆ. ಆದರೆ ಸ್ವಲ್ಪ ಕೂತು ಡಾರ್ವಿನ್ನನ ಪತ್ರಗಳ ಕತೆ ಕೇಳು.

ಫ್ರೆಡರಿಕ್ ಬರ್ಕ್‌ಹಾರ್ಟ್ ಅನ್ನೋ ಅಮೆರಿಕದ ಪುಣ್ಯಾತ್ಮ 1974ರಲ್ಲಿ, ಅರವತ್ತು ದಾಟಿದ ಮೇಲೆ, ಅವನ್ನೆಲ್ಲ ಕೂಡಿಸಿ ಅಚ್ಚು ಹಾಕಿಸುವ ಕೆಲಸಕ್ಕೆ ಕೈಹಾಕಿದ. ಮೊದಲ ಸಂಪುಟ ಬಂದದ್ದು 1985ರಲ್ಲಿ. ಮೂವತ್ತನೆಯದು, ಕೊನೆಯದು, 2023ರಲ್ಲಿ; ಅಷ್ಟರಲ್ಲಿ ಆತ ತೀರಿಕೊಂಡು ಹದಿನೈದು ವರ್ಷ ಮೇಲಾಗಿತ್ತು. ಪತ್ರಗಳೇನೋ 15,000ಕ್ಕೂ ಹೆಚ್ಚು. ಆದರೆ ಕಾಡಿಸಿದ್ದು ಬರೀ ಲೆಕ್ಕವಲ್ಲ. ಡಾರ್ವಿನ್ ಇಸವಿ ಹಾಕುತ್ತಿದ್ದದ್ದೇ ಅಪರೂಪ. 'ಶುಕ್ರವಾರ' ಅಂತಷ್ಟೇ ಬರೆದು ಕಳಿಸುವ ನಮ್ಮ ಸೋದರಮಾವನ ಜಾತಿ! ಆಗ ಕಾಗದವನ್ನೇ ಮಾತಾಡಿಸಬೇಕು. ಲಂಡನ್ನಿನ ಗೋವರ್ ಸ್ಟ್ರೀಟ್ ವಿಳಾಸವಿದ್ದರೆ 1842ರ ಸೆಪ್ಟೆಂಬರಿನಲ್ಲಿ ಡೌನ್ ಹಳ್ಳಿಗೆ ಮನೆ ಬದಲಾಯಿಸೋಕೆ ಮುಂಚಿನದು. ಕಪ್ಪು ಅಂಚಿದ್ದರೆ ಮನೆಯಲ್ಲಿ ಸಾವಾಗಿದೆ. ಬೆಳಕಿಗೆ ಹಿಡಿದರೆ ನೀರುಗುರುತು ಇನ್ನೇನೋ ಹೇಳೀತು.

ಡಾರ್ವಿನ್ ಮಹಾನುಭಾವನೂ ಕಡಿಮೆಯವನಲ್ಲ. ಬಂದ ಕಾಗದಗಳನ್ನು ನಮ್ಮ ಅಂಗಡಿಯವರ ಹಾಗೆ ತಂತಿಗೆ ಚುಚ್ಚಿಡುತ್ತಿದ್ದ. ತಂತಿಗಳೆಲ್ಲ ತುಂಬಿದರೆ ಹಲವು ವರ್ಷದ ಕಾಗದ ಸುಟ್ಟು ತಂತಿ ಖಾಲಿ ಮಾಡಿಕೊಳ್ಳುತ್ತಿದ್ದ. ತಂತಿಯ ಆಸೆಗೆ ಪತ್ರ ಸುಟ್ಟ ಜಾಣ! 1862ಕ್ಕೆ ಹಿಂದಿನವು ಬಹುಪಾಲು ಹಾಗೇ ಬೂದಿಯಾದವು. ಇನ್ನು ಕೆಲವನ್ನು ಕತ್ತರಿಸಿ, ಬೇಕಾದ ತುಂಡನ್ನು ಆಯಾ ವಿಷಯದ ಟಿಪ್ಪಣಿ ಕಟ್ಟಿಗೆ ಸೇರಿಸುತ್ತಿದ್ದ. ತುಂಡು ಯಾವ ಕಟ್ಟಿನಲ್ಲಿ ಸಿಕ್ಕಿತು ಅನ್ನೋದರಲ್ಲೇ ಅವನ ತಲೆಯಲ್ಲಿ ಏನು ಓಡುತ್ತಿತ್ತು ಅನ್ನೋದಿದೆ. ನಿನ್ನಂಥವಳು ಅದನ್ನು 'ಹರಕು' ಅಂತ ಬೇರೆ ಕವರಿಗೆ ಹಾಕಿದರೆ ಮುಗಿಯಿತು.

ನಗಬೇಡ, ನಿನ್ನ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದ್ದು. ದೊಡ್ಡವರೊಬ್ಬರ ಕಾಗದಗಳನ್ನು ಒಪ್ಪ ಮಾಡಲು ಕೂತು, ಜಾಗ ಉಳಿಯಲಿ ಅಂತ ಲಕೋಟೆಗಳನ್ನೆಲ್ಲ ರದ್ದಿಗೆ ಹಾಕಿದೆ. ಅಂಚೆ ಮುದ್ರೆಗಳೂ ಜೊತೆಗೇ ಹೋದವು. ಉಳಿದದ್ದು 'ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರುವಾಗುವ ನಲವತ್ತು ಕಾಗದ, ಒಂದಕ್ಕೂ ತಾರೀಖಿಲ್ಲ. ಪೆಟ್ಟಿಗೆ ಮಾತ್ರ ಲಕಲಕ ಅಂತಿತ್ತು.

ಅದಕ್ಕೇ ಹೇಳೋದು, ಪೆಟ್ಟಿಗೆಯಲ್ಲಿ ಹೇಗಿತ್ತೋ ಅದೇ ವರಸೆಯಲ್ಲಿ, ಮೆತ್ತನೆ ಪೆನ್ಸಿಲಿನಲ್ಲಿ, ಹಿಂಬದಿ ಮೂಲೆಗೆ ನಂಬರು ಹಾಕು. ಸ್ಕ್ಯಾನಿಗೂ ಅದೇ ನಂಬರು; 'ಹೊಸದು ಫೈನಲ್ 2' ಅಂತೆಲ್ಲ ಹೆಸರಿಟ್ಟೀಯ, ಜೋಕೆ! ತುಕ್ಕು ಹಿಡಿದ ಗುಂಡುಪಿನ್ನು ಕಂಡರೆ ಎಳೆಯಬೇಡ, ನನ್ನನ್ನು ಕರಿ. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಿದರೆ ಬೆರಳಿಗೆ ಬರೆ. ಲ್ಯಾಮಿನೇಷನ್ ಅಂದರೆ ಮಾತೇ ಬಿಟ್ಟೇನು. ಹಿಂಬದಿಯನ್ನೂ ಸ್ಕ್ಯಾನ್ ಮಾಡು. ಖಾಲಿ ಅಂತ ನೀನು ಬಿಟ್ಟ ಕಡೆಯೇ ಯಾರೋ ಹಾಲಿನ ಲೆಕ್ಕ ಬರೆದಿರುತ್ತಾರೆ. ಇಸವಿ ನಿನ್ನ ಊಹೆಯಾದರೆ ಚೌಕ ಕಂಸದೊಳಗೆ ಹಾಕು, ಮುಂದಿನವರಿಗೆ ಅದು ಊಹೆ ಅಂತ ತಿಳಿಯಲಿ.

ಈಗ ಆ ಕಸದಬುಟ್ಟಿ ಇತ್ತ ತಾ. ನಿನ್ನೆ ನೀನು ಎಸೆದ ಲಕೋಟೆಗಳು ಇನ್ನೂ ಅದರಲ್ಲೇ ಇವೆ, ನೋಡಿದ್ದೀನಿ.